ಲೇತ್ ನಡುಗುತ್ತಿದೆಯಾ? ಬೇರಿಂಗ್ ಬಿಚ್ಚುವ ಮೊದಲು ಇಷ್ಟು ನೋಡಿ

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಮರ ಕಡೆಯುವ ಲೇತ್ ಆನ್ ಮಾಡಿದೆ. ಆರಿದ್ರಾ ಮಳೆ ಹಿಡಿದಾಗಿನಿಂದ ಅದನ್ನು ಮುಟ್ಟಿರಲಿಲ್ಲ. ಸ್ಪೀಡ್ ಏರಿಸುತ್ತಾ ಹೋದಂತೆ ಮೊದಲು ಧಕ್ ಧಕ್ ಸದ್ದು, ಆಮೇಲೆ ನಡುಕ, ಕೊನೆಗೆ ಪಕ್ಕದಲ್ಲಿಟ್ಟಿದ್ದ ಉಳಿ ತಾನಾಗಿಯೇ ಜಾರಿ ಕೆಳಗೆ ಬಿತ್ತು. ಬೇರಿಂಗ್ ಹೋಯ್ತು ಅಂತ ತೀರ್ಮಾನಿಸಿದೆ. ಶಿವಮೊಗ್ಗಕ್ಕೆ ಹೋಗಿ ಎರಡು ಹೊಸ ಬೇರಿಂಗ್ ತಂದು, ಒಂದಿಡೀ ಭಾನುವಾರ ಕೂತು ಹಾಕಿದೆ. ಸದ್ದು ಹಾಗೇ ಇತ್ತು.

ಅಡಿಕೆ ಸುಲಿಯುವ ಮಷೀನ್ ರಿಪೇರಿ ಮಾಡುವ ನಮ್ಮೂರಿನ ಮಾವ ಒಬ್ಬರು ಬಂದು ಎರಡು ನಿಮಿಷ ಸುಮ್ನೆ ಕೇಳಿಸಿಕೊಂಡರು. "ತಮ್ಮಾ, ಬೆಲ್ಟ್ ಬಿಚ್ಚಿ ನೋಡಿದ್ಯಾ?" ಅಂದರು. ನೋಡಿರಲಿಲ್ಲ. ಬಿಚ್ಚಿ ನೆಲದ ಮೇಲೆ ಇಟ್ಟರೆ ಬೆಲ್ಟ್ ಗುಂಡಗೆ ಇರಲೇ ಇಲ್ಲ. ನಾಲ್ಕೂವರೆ ತಿಂಗಳು ಬಿಗಿಯಾಗಿ ಪುಲ್ಲಿ ಸುತ್ತಿಕೊಂಡು ಕೂತಿದ್ದಕ್ಕೆ ಎರಡು ಕಡೆ ಬಾಗಿ, ಹಾಗೇ ಗಟ್ಟಿಯಾಗಿಬಿಟ್ಟಿತ್ತು.

ಅವತ್ತಿನಿಂದ ನಾನು ಒಂದೇ ಕ್ರಮ ಹಿಡಿದಿದ್ದೇನೆ. ಏನು ಕೆಟ್ಟಿದೆ ಅಂತ ಊಹೆ ಮಾಡುವುದಿಲ್ಲ. ಒಂದೊಂದೇ ಭಾಗ ತೆಗೆದು ಓಡಿಸುತ್ತೇನೆ. ಯಾವುದನ್ನು ತೆಗೆದಾಗ ಸದ್ದು ನಿಲ್ಲುತ್ತದೋ ತೊಂದರೆ ಅಲ್ಲಿದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಅರ್ಧ ಗಂಟೆ ಸಾಕು.

ಶುರು ಮಾಡುವ ಮೊದಲು

ಸ್ಪೀಡ್ ಬದಲಾಯಿಸುವ ಲೇತ್‌ನಲ್ಲಿ ದೊಡ್ಡ ಅಪಾಯ ಆ ನಾಬ್‌ನದ್ದೇ. ನಿನ್ನೆ ಸಣ್ಣ ಲಟ್ಟಣಿಗೆ ಕಡೆಯಲು 2000 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತು) ಇಟ್ಟಿರುತ್ತೀರಿ, ಇವತ್ತು ಹತ್ತು ಇಂಚಿನ ಬಟ್ಟಲಿಗೆ ಮರ ಕಟ್ಟಿ ಸ್ವಿಚ್ ಒತ್ತಿದರೆ ನೇರವಾಗಿ ಆ ಸ್ಪೀಡಿಗೇ ಹೋಗಬಹುದು. ಎಲೆಕ್ಟ್ರಾನಿಕ್ ಕಂಟ್ರೋಲ್ ಇದ್ದರೆ ಪ್ರತಿ ಸಲ ನಾಬ್ ಸೊನ್ನೆಗೆ ತಂದು ಆನ್ ಮಾಡಿ. ಮುಖಕ್ಕೆ ಶೀಲ್ಡ್ ಹಾಕಿಕೊಳ್ಳಿ, ಮರ ತಿರುಗುವ ನೇರದಲ್ಲಿ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಬೆಲ್ಟ್ ಮುಟ್ಟುವಾಗ ಪ್ಲಗ್ಗನ್ನೇ ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವ ಧೈರ್ಯ ಸಾಲುವುದಿಲ್ಲ.

ಬರೀ ಸ್ಪಿಂಡಲ್ ಓಡಿಸಿ

ಮರ ತೆಗೆಯಿರಿ. ಮರವನ್ನು ಕಚ್ಚಿ ಹಿಡಿಯುವ ಚಕ್ ತೆಗೆಯಿರಿ, ಅದು ಕೂರುವ ತಿರುಗುವ ಶಾಫ್ಟೇ ಸ್ಪಿಂಡಲ್. ಮರದ ಇನ್ನೊಂದು ತುದಿಗೆ ಆನಿಸುವ ಟೇಲ್‌ಸ್ಟಾಕನ್ನು ಹಿಂದಕ್ಕೆ ಸರಿಸಿ. ಒಂದು ಸ್ಟೀಲ್ ಲೋಟದಲ್ಲಿ ಅರ್ಧ ನೀರು ತುಂಬಿ ಲೇತ್ ಬೆಡ್ (ಕೆಳಗಿನ ಉದ್ದ ಹಳಿ) ಮೇಲೆ, ತಿರುಗುವ ಭಾಗದಿಂದ ದೂರ ಇಡಿ. ಈಗ ಅತಿ ಕಡಿಮೆಯಿಂದ ಅತಿ ಜಾಸ್ತಿ ಸ್ಪೀಡಿನವರೆಗೆ ನಿಧಾನವಾಗಿ ಏರಿಸುತ್ತಾ ನೀರನ್ನು ನೋಡಿ. ನೀರು ಹೆಚ್ಚು ಕಡಿಮೆ ಸುಮ್ಮನಿದ್ದರೆ ಮಷೀನ್ ಸರಿ ಇದೆ, ತೊಂದರೆ ಮರದಲ್ಲಿದೆ ಇಲ್ಲವೇ ಚಕ್ ಕೂತ ರೀತಿಯಲ್ಲಿದೆ. ಬರೀ ಸ್ಪಿಂಡಲ್ ಇದ್ದರೂ ನೀರು ಕುಣಿದರೆ ತೊಂದರೆ ಒಳಗಿದೆ.

ಒಂದೇ ಒಂದು ಸ್ಪೀಡಿನಲ್ಲಿ, ಉದಾಹರಣೆಗೆ 1100ರ ಆಸುಪಾಸಿನಲ್ಲಿ ಮಾತ್ರ ನಡುಗಿ, 1300ಕ್ಕೆ ಹೋದರೆ ಮತ್ತೆ ಶಾಂತವಾಗುತ್ತದೆ ಅಂತಿಟ್ಟುಕೊಳ್ಳಿ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಜಾಸ್ತಿ ಜಾಸ್ತಿ ತೂಗುತ್ತದೆ ಅಲ್ವಾ, ಇದೂ ಹಾಗೇ. ಲೇತ್‌ಗೂ ಅದರ ಸ್ಟ್ಯಾಂಡಿಗೂ ಅದರದ್ದೇ ಆದ ಒಂದು ತೂಗುವ ಲಯ ಇರುತ್ತದೆ, ತಿರುಗುವ ವೇಗ ಅದಕ್ಕೆ ಕೂಡಿಬಂದಾಗ ಸಣ್ಣ ಅದುರು ದೊಡ್ಡದಾಗುತ್ತದೆ. ಆ ಸ್ಪೀಡ್ ಬಿಟ್ಟು ಕೆಳಗೋ ಮೇಲೋ ಕೆಲಸ ಮಾಡಿ. ಸ್ಪೀಡ್ ಬದಲಿಸಬಹುದಾದ ಲೇತ್‌ನ ದೊಡ್ಡ ಅನುಕೂಲವೇ ಇದು.

ತೊಂದರೆ ಮರದಲ್ಲಿದ್ದರೆ

ಹೆಚ್ಚಿನ ಸಲ ತೊಂದರೆ ಇಲ್ಲೇ ಇರುತ್ತದೆ. ನಮ್ಮ ಕಡೆ ಹಲಸು, ಮಾವು ಹಸಿಯಾಗಿಯೇ ಸಿಗುತ್ತದೆ. ಹಸಿ ಕೊರಡಿನಲ್ಲಿ ಒಂದು ಕಡೆ ಚೇಗು, ಇನ್ನೊಂದು ಕಡೆ ನೀರು ತುಂಬಿದ ಬಿಳಿ ಭಾಗ ಬಂದರೆ ತೂಕ ಸಮ ಇರುವುದಿಲ್ಲ. ಕಣ್ಣಿಗೆ ಗುಂಡಗೆ ಕಂಡರೂ ಒಂದು ಬದಿ ಭಾರ.

ಎಷ್ಟು ಬಲ ಬೀಳುತ್ತದೆ ಅಂತ ಲೆಕ್ಕ ಹಾಕಿ ನೋಡಿದೆ. ಹತ್ತು ಇಂಚಿನ ಮರದ ಅಂಚಿನಲ್ಲಿ ಬರೀ 100 ಗ್ರಾಂ ಜಾಸ್ತಿ ಇದೆ ಅಂದುಕೊಳ್ಳಿ. 600 ಆರ್‌ಪಿಎಂನಲ್ಲಿ ಅದು ಸುಮಾರು 5 ಕೆ.ಜಿ. ಭಾರದಷ್ಟು ಬಲದಿಂದ ಎಳೆಯುತ್ತದೆ. 1200ಕ್ಕೆ ಏರಿಸಿದರೆ ಎಳೆತ ದುಪ್ಪಟ್ಟಲ್ಲ, ನಾಲ್ಕು ಪಟ್ಟು: 20 ಕೆ.ಜಿ. ಅದೂ ಸೆಕೆಂಡಿಗೆ 20 ಸಲ ದಿಕ್ಕು ಸುತ್ತುತ್ತಾ. ಒಂದು ಸಣ್ಣ ಬಾಳೆಹಣ್ಣಿನಷ್ಟು ತೂಕಕ್ಕೆ ಇಡೀ ಸ್ಟ್ಯಾಂಡ್ ಯಾಕೆ ಕುಣಿಯುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಭಾರದ ಬದಿ ಹುಡುಕುವುದು ಸುಲಭ. ಮರವನ್ನು ಲೇತ್‌ಗೆ ಕಟ್ಟಿ, ಬೆಲ್ಟ್ ಪುಲ್ಲಿಯಿಂದ ಜಾರಿಸಿ, ಕೈಯಲ್ಲಿ ಮೆಲ್ಲಗೆ ತಿರುಗಿಸಿ ಬಿಡಿ. ನಿಂತಾಗ ಕೆಳಗೆ ಬಂದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೀಟು ಎಳೆಯಿರಿ. ನಾಲ್ಕೈದು ಸಲ ಮಾಡಿ. ಪ್ರತಿ ಸಲ ಅದೇ ಗೀಟು ಕೆಳಗೆ ಬಂದರೆ ಅದೇ ಭಾರದ ಬದಿ. ಮರ ಬಿಚ್ಚಿ ಅಲ್ಲಿ ಬಾಚಿಯಿಂದ ಸ್ವಲ್ಪ ಕೆತ್ತಿ, ಮತ್ತೆ ಕಟ್ಟಿ ನೋಡಿ. ಇಷ್ಟು ಮಾಡಿದರೆ ಅರ್ಧಕ್ಕರ್ಧ ನಡುಕ ಹೋಗುತ್ತದೆ.

ಸ್ಪೀಡಿಗೆ ಒಂದು ಹಳೆಯ ಲೆಕ್ಕ ಇದೆ. ಮರದ ವ್ಯಾಸ ಇಂಚಿನಲ್ಲಿ ಅಳೆದು ಆರ್‌ಪಿಎಂನಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು. ಹತ್ತು ಇಂಚಿಗೆ 600ರಿಂದ 900. ನಾಲ್ಕು ಇಂಚಿಗೆ 1500ರಿಂದ 2250. ಒರಟು ಮರ ಗುಂಡಗಾಗುವವರೆಗೆ ಇದಕ್ಕಿಂತಲೂ ಕೆಳಗಿರಿ. ಬಿರುಕು ಬಿಟ್ಟ ಮರಕ್ಕೆ ಈ ಲೆಕ್ಕ ಹಾಕಲೇಬೇಡಿ, ಅದನ್ನು ಒಲೆಗೆ ಕೊಡಿ.

ಚಕ್ ಬಗ್ಗೆ ಒಂದು ಮಾತು. ಸ್ಪಿಂಡಲ್ ಥ್ರೆಡ್ಡಿನ ಬುಡದಲ್ಲಿ ಒಂದು ಚಪ್ಪಟೆ ಅಂಚಿರುತ್ತದೆ, ಚಕ್ ಅದಕ್ಕೆ ಪೂರ್ತಿ ಅಂಟಿ ಕೂರಬೇಕು. ನಡುವೆ ತೆಳು ಹೊಟ್ಟಿನ ಒಂದು ಚೂರು ಸಿಕ್ಕಿಕೊಂಡರೂ ಚಕ್ ಓರೆಯಾಗುತ್ತದೆ, ಮರದ ತುದಿಯಲ್ಲಿ ಆ ಓರೆ ಇನ್ನೂ ಜಾಸ್ತಿ ಕಾಣುತ್ತದೆ. ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಥ್ರೆಡ್ ಉಜ್ಜಿ. ಮಳೆಗಾಲದ ತುಕ್ಕಿಗೂ ಅದೇ ಮದ್ದು, ಮೇಲಿನಿಂದ ಒಂದು ಹನಿ ಎಣ್ಣೆ.

ತೊಂದರೆ ಒಳಗಿದ್ದರೆ

ಪ್ಲಗ್ ಕಿತ್ತು ಬೆಲ್ಟ್ ತೆಗೆಯಿರಿ. ಎಲೆಕ್ಟ್ರಾನಿಕ್ ಡ್ರೈವ್ ಇದ್ದರೆ ಬರೀ ಮೋಟರ್ ಓಡಿಸಿ. ಆಗಲೂ ಸದ್ದು ಇದ್ದರೆ ಅದು ಮೋಟರಿನದ್ದು. ಹಿಂದಿನ ಫ್ಯಾನ್ ಕವರ್ ತಗ್ಗಿ ರೆಕ್ಕೆಗೆ ತಾಗುತ್ತಿರಬಹುದು, ಒಳಗೆ ಹೊಟ್ಟು ತುಂಬಿರಬಹುದು, ಮೋಟರ್ ಕೂತ ಬೋಲ್ಟ್ ಸಡಿಲ ಆಗಿರಬಹುದು. ಡಿಸಿ ಮೋಟರ್ ಆದರೆ ಸವೆದ ಕಾರ್ಬನ್ ಬ್ರಷ್ ಕಿರಕಿರ ಅನ್ನುತ್ತದೆ, ಕಿಡಿಯೂ ಕಾಣುತ್ತದೆ.

ಮೋಟರ್ ಒಂದೇ ಓಡುವಾಗ ಸದ್ದಿಲ್ಲವಾ? ಪ್ಲಗ್ ಮತ್ತೆ ಕಿತ್ತು, ಬೆಲ್ಟ್ ಇಲ್ಲದ ಸ್ಪಿಂಡಲನ್ನು ಕೈಯಲ್ಲಿ ತಿರುಗಿಸಿ. ಬೇರಿಂಗ್ ಸರಿ ಇದ್ದರೆ ಬೆಣ್ಣೆಯ ಹಾಗೆ ತಿರುಗುತ್ತದೆ. ಹೋಗಿದ್ದರೆ ಮರಳು ಸಿಕ್ಕಿದಂತೆ ಗರಗರ ಅಂತ ಬೆರಳಿಗೇ ತಿಳಿಯುತ್ತದೆ. ಫೇಸ್‌ಪ್ಲೇಟ್ (ಮರ ಕೂರಿಸುವ ಲೋಹದ ತಟ್ಟೆ) ಹಾಕಿ ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ, ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಅಂದರೆ ಬೇರಿಂಗ್ ಸವೆದಿದೆ ಇಲ್ಲವೇ ಹಿಂದಿನ ಲಾಕ್‌ನಟ್ ಸಡಿಲ ಆಗಿದೆ, ನಟ್ ಮೊದಲು ನೋಡಿ. ಬದಲಿಸಲೇಬೇಕಾದರೆ ಹಳೆಯದರ ಮೇಲಿನ ನಂಬರ್ ಬರೆದುಕೊಂಡು ಹೋಗಿ. 6205-2ಆರ್‌ಎಸ್ ಅಂದರೆ ಒಳಗಿನ ತೂತು 25 ಮಿ.ಮೀ., ಹೊರಗಿನ ಅಳತೆ 52, ದಪ್ಪ 15, ಎರಡೂ ಕಡೆ ರಬ್ಬರ್ ಸೀಲ್. ಶಾಫ್ಟಿಗೆ ಹಾಕುವಾಗ ಒಳಗಿನ ಬಳೆಗೆ ಮಾತ್ರ ತಾಗುವ ಪೈಪಿನ ತುಂಡಿಟ್ಟು ಬಡಿಯಿರಿ. ಹೊರಗಿನ ಬಳೆಗೆ ಏಟು ಬಿದ್ದರೆ ಒಳಗಿನ ಗುಂಡುಗಳು ದಾರಿಯಲ್ಲಿ ಗುಳಿ ಮಾಡುತ್ತವೆ, ಹೊಸ ಬೇರಿಂಗೇ ಮೊದಲ ದಿನದಿಂದ ಸದ್ದು ಮಾಡುತ್ತದೆ.

ಮೋಟರೂ ಸರಿ, ಸ್ಪಿಂಡಲೂ ಸರಿ ಅಂದರೆ ಉಳಿಯುವುದು ಬೆಲ್ಟ್ ಮತ್ತು ಪುಲ್ಲಿ. ಇವೆರಡನ್ನು ಬೇರೆ ಮಾಡಲು ಕಿವಿ ಸಾಕು. ಬೆಲ್ಟ್ ಹಾಕಿ, ಅದರ ಮೇಲೊಂದು ಸೀಮೆಸುಣ್ಣದ ಗುರುತು ಮಾಡಿ ಕೈಯಲ್ಲೇ ಸ್ಪಿಂಡಲ್ ತಿರುಗಿಸಿ. ನನ್ನ ಲೇತ್‌ನಲ್ಲಿ ಸ್ಪಿಂಡಲ್ ಸುಮಾರು ಮೂರು ಸುತ್ತು ಹಾಕಿದರೆ ಬೆಲ್ಟ್ ಒಂದು ಸುತ್ತು ಬರುತ್ತದೆ. ಈಗ 180 ಆರ್‌ಪಿಎಂನಲ್ಲಿ ಓಡಿಸಿದರೆ ಸ್ಪಿಂಡಲ್ ಸೆಕೆಂಡಿಗೆ 3 ಸುತ್ತು, ಬೆಲ್ಟ್ ಒಂದೇ ಸುತ್ತು. ಧಕ್ ಸದ್ದು ಸೆಕೆಂಡಿಗೆ ಮೂರು ಸಲ ಬಂದರೆ ಸ್ಪಿಂಡಲ್ ಕಡೆಯ ಪುಲ್ಲಿ. ಒಂದೋ ಎರಡೋ ಸಲ ಮಾತ್ರ ಬಂದರೆ ಬೆಲ್ಟ್, ಯಾಕೆಂದರೆ ಬೆಲ್ಟಿನ ಒಂದೊಂದು ಗಟ್ಟಿ ಜಾಗವೂ ಸುತ್ತಿಗೊಮ್ಮೆ ಪುಲ್ಲಿ ಹತ್ತುತ್ತದೆ. ಪುಲ್ಲಿಯಾದರೆ ಮೊದಲು ಅದನ್ನು ಶಾಫ್ಟಿಗೆ ಹಿಡಿದಿಡುವ ಗ್ರಬ್ ಸ್ಕ್ರೂ ಬಿಗಿ ಮಾಡಿ, ಅದೇ ಸಡಿಲವಾಗಿರುವುದು ಜಾಸ್ತಿ. ಆಮೇಲೆ ಎರಡು ಪುಲ್ಲಿಯ ಮುಖಕ್ಕೂ ಒಂದು ನೇರ ಪಟ್ಟಿ ಇಟ್ಟು ಒಂದೇ ಸಾಲಿನಲ್ಲಿವೆಯಾ ನೋಡಿ.

ಎರಡು ಹೋಳಿನ ಪುಲ್ಲಿ ಹತ್ತಿರ ದೂರ ಸರಿದು ಸ್ಪೀಡ್ ಬದಲಾಗುವ ಹಳೆ ಮಾದರಿ ನಿಮ್ಮದಾದರೆ, ಬೆಲ್ಟ್ ತೆಗೆದು ಮೋಟರ್ ಓಡಿಸಬೇಡಿ, ಸ್ಪ್ರಿಂಗ್ ಇರುವ ಹೋಳು ಅಡ್ಡಾದಿಡ್ಡಿ ಬಡಿಯಬಹುದು. ಅದರಲ್ಲಿ ಕಟಕಟ ಬಂದರೆ ಹೋಳಿನೊಳಗಿನ ಬುಷ್ ಸವೆದಿರುತ್ತದೆ. ಓಡುತ್ತಿರುವಾಗ ಮಾತ್ರ ಸ್ಪೀಡ್ ಬದಲಿಸಿ, ನಿಂತಾಗ ಲಿವರ್ ಎಳೆದರೆ ಮುರಿಯುತ್ತದೆ.

ವಿಎಫ್‌ಡಿ (ಮೋಟರಿನ ಸ್ಪೀಡ್ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್) ಇರುವವರಿಗೆ ಕಡಿಮೆ ಸ್ಪೀಡಿನಲ್ಲಿ ಸಣ್ಣ ಶಿಳ್ಳೆಯಂಥ ಸದ್ದು ಕೇಳಿದರೆ ಗಾಬರಿ ಬೇಡ. ಡ್ರೈವ್ ಸೆಕೆಂಡಿಗೆ ಸಾವಿರಾರು ಸಲ ಕರೆಂಟ್ ಕಡಿದು ಕೊಡುತ್ತದೆ, ಅದರ ಸದ್ದದು. ಆದರೆ ಮೋಟರ್ ಗುಂಯ್ ಅಂತ ನಡುಗುತ್ತಾ ತಿರುಗಲು ಒದ್ದಾಡಿದರೆ ಮೂರು ವಯರಿನಲ್ಲಿ ಒಂದು ಸಡಿಲ ಇರಬಹುದು, ತಕ್ಷಣ ಆಫ್ ಮಾಡಿ. ಡ್ರೈವ್ ಮುಚ್ಚಳ ತೆಗೆಯುವ ಮೊದಲು ಕರೆಂಟ್ ತೆಗೆದು ಕನಿಷ್ಠ 10 ನಿಮಿಷ ಕಾಯಿರಿ, ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ವಯರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ.

ನೆಲ

ನಮ್ಮ ಶೆಡ್ಡುಗಳ ನೆಲ ಸಮ ಇರುವುದು ಕಡಿಮೆ. ಹಳೆ ಕ್ಯಾಲೆಂಡರ್ ಹಾಳೆಯ ತುಂಡನ್ನು ಲೇತ್‌ನ ಒಂದೊಂದು ಕಾಲಿನ ಅಡಿಗೂ ತೂರಿಸಿ ನೋಡಿ. ಎಲ್ಲಿ ಸಲೀಸಾಗಿ ಹೋಗುತ್ತದೋ ಆ ಕಾಲು ನೆಲಕ್ಕೆ ಊರಿಲ್ಲ. ಅಲ್ಲಿ ತಗಡಿನ ತುಂಡು ಕೊಡಿ. ಕೊಡದೆ ಬೋಲ್ಟ್ ಹಾಕಿ ನೆಲಕ್ಕೆ ಬಿಗಿದರೆ ಬೆಡ್ಡೇ ತಿರುಚಿಕೊಳ್ಳುತ್ತದೆ, ಎರಡೂ ಕಡೆಯ ಸೆಂಟರ್ ಮೊನೆಗಳು ಒಂದಕ್ಕೊಂದು ಎದುರಾಗುವುದಿಲ್ಲ. ಕಾಲುಗಳ ನಡುವೆ ಹಲಗೆ ಹಾಕಿ ಎರಡು ಮೂರು ಮರಳು ಚೀಲ ಇಟ್ಟರೆ ಒಳ್ಳೆಯದೇ, ಆದರೆ ಮೇಲಿನದ್ದೆಲ್ಲ ಸರಿ ಮಾಡಿದ ಮೇಲೆ ಇಡಿ. ಮೊದಲೇ ಇಟ್ಟರೆ ನಡುಕ ಅಡಗುತ್ತದೆ, ತೊಂದರೆ ಅಲ್ಲೇ ಉಳಿದು ಬೇರಿಂಗ್ ತಿನ್ನುತ್ತಿರುತ್ತದೆ.

ಹೊಸ ಬೆಲ್ಟ್ ಹಾಕಿದ ದಿನ ನನ್ನ ಲೋಟದ ನೀರಿನಲ್ಲಿ ಸಣ್ಣ ಬಳೆಗಳಷ್ಟೇ ಉಳಿದವು. ಈ ಸಲ ಮೃಗಶಿರ ಹಿಡಿಯುವ ಮೊದಲೇ ಬೆಲ್ಟ್ ಸಡಿಲ ಮಾಡಿ, ಪುಲ್ಲಿಯಿಂದ ತೆಗೆದು, ಅಟ್ಟದ ಮೇಲೆ ಮೊಳೆಗೆ ನೇತು ಹಾಕಿದ್ದೇನೆ.