ಬಿಸಿಲುಗಾಲದಲ್ಲಿ ಪಾತಿಯನ್ನು ಬರಿದಾಗಿ ಬಿಡಬೇಡಿ

ಒಂದು ಬೆಳೆ ಮುಗಿದ ಮೇಲೆ ಪಾತಿಯನ್ನು ಚೊಕ್ಕಟವಾಗಿ ಅಗೆದು, ಒಂದು ಹುಲ್ಲುಕಡ್ಡಿಯೂ ಇಲ್ಲದಂತೆ ಬಿಸಿಲಿಗೆ ಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನೋಡುವುದಕ್ಕೆ ಅಚ್ಚುಕಟ್ಟಾಗಿರುತ್ತದೆ, ನಿಜ. ಆದರೆ ಬಿರುಬಿಸಿಲಿನ ಮಧ್ಯಾಹ್ನ ಬರಿ ಮಣ್ಣಿನ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಅಂಥ ಕಾವಿನಲ್ಲಿ ಮೇಲುಪದರದ ಎಷ್ಟೋ ಸೂಕ್ಷ್ಮಜೀವಿಗಳು ಉಳಿಯುವುದಿಲ್ಲ, ಎರೆಹುಳುಗಳು ಆಳಕ್ಕೆ ಇಳಿದುಬಿಡುತ್ತವೆ. ಮುಂದೆ ಜೋರು ಮಳೆ ಬಂದಾಗ ಹನಿಯ ಪೆಟ್ಟಿಗೆ ಮಣ್ಣು ಹೆಪ್ಪುಗಟ್ಟಿ, ನೀರು ಇಂಗದೆ ಹರಿದುಹೋಗುತ್ತದೆ. ಆದ್ದರಿಂದ ಪಾತಿ ಖಾಲಿಯಾದ ಕೂಡಲೇ ಹೊದಿಕೆ ಬೆಳೆ, ಅಂದರೆ ಫಸಲಿಗಲ್ಲದೆ ನೆಲ ಮುಚ್ಚಿ ಕಾಪಾಡಲೆಂದೇ ಬೆಳೆಸುವ ಬೆಳೆ, ಬಿತ್ತಿ ಎಂದು ಹೇಳುತ್ತೇನೆ.

ಯಾವುದನ್ನು ಬಿತ್ತಬೇಕು? ಬಿಸಿಲು ತಡೆಯುವುದರಲ್ಲಿ ಅಲಸಂದೆಗೆ ಮೊದಲ ಸ್ಥಾನ ಕೊಡುತ್ತೇನೆ. ಅದು ಬೇಗ ಹಬ್ಬಿ ನೆಲ ಮುಚ್ಚುತ್ತದೆ, ಕಳೆಗೆ ಜಾಗ ಬಿಡುವುದಿಲ್ಲ. ಮಣ್ಣು ತೀರಾ ಬಡವಾಗಿದ್ದು ನೀರೂ ಕಡಿಮೆ ಇದ್ದರೆ ಹುರುಳಿ. ಎತ್ತರಕ್ಕೆ ಬೆಳೆದು ರಾಶಿ ಸೊಪ್ಪು ಕೊಡಬೇಕೆಂದರೆ ಅಪ್ಸೆಣಬು; ಬೇರುಗಂಟು ಜಂತುಹುಳುವಿನ (ಬೇರಿನೊಳಗೆ ಸೇರಿ ಗಂಟು ಎಬ್ಬಿಸುವ ಅತಿ ಸಣ್ಣ ಹುಳು) ಕಾಟವಿರುವ ಪಾತಿಗೂ ಅದೇ ಒಳ್ಳೆಯದು, ಏಕೆಂದರೆ ಆ ಹುಳು ಅದರಲ್ಲಿ ಹೆಚ್ಚುವುದಿಲ್ಲ. ಅಲಸಂದೆಯ ಎಷ್ಟೋ ತಳಿಗಳಲ್ಲಿ ಹೆಚ್ಚುತ್ತದೆ. ಗಟ್ಟಿ ಮಣ್ಣನ್ನು ಸಡಿಲಿಸುವ ಕೆಲಸ ಸಜ್ಜೆಯ ಬೇರಿಗೆ ಚೆನ್ನಾಗಿ ಗೊತ್ತು. ಸಜ್ಜೆಯನ್ನೂ ಅಲಸಂದೆಯನ್ನೂ ಬೆರೆಸಿ ಬಿತ್ತಿದರೆ ಇನ್ನೂ ಉತ್ತಮ. ಅಲಸಂದೆಯ ಸೊಪ್ಪು ಬೇಗ ಕೊಳೆತು ಆಹಾರವಾಗುತ್ತದೆ, ಸಜ್ಜೆಯ ಕಡ್ಡಿ ನಿಧಾನವಾಗಿ ಕೊಳೆಯುತ್ತಾ ನೆಲದ ಮೇಲೆ ಮುಚ್ಚಿಗೆಯಾಗಿ ಉಳಿಯುತ್ತದೆ.

ಬಿತ್ತುವ ಮುನ್ನ ಪಾತಿಗೆ ಆಳವಾಗಿ ನೀರು ಕೊಟ್ಟು, ಹದ ಬಂದ ಮೇಲೆ ಎರಡು ಮೂರು ಸೆಂಟಿಮೀಟರ್ ಆಳದಲ್ಲಿ ಬೀಜ ಊರಿ. ಒಣ ಮಣ್ಣಿನ ಮೇಲೆ ಎರಚಿ ಮೇಲಿಂದ ನೀರು ಚಿಮುಕಿಸಿದರೆ ಅರ್ಧ ಬೀಜ ಹಕ್ಕಿಗಳ ಪಾಲು, ಉಳಿದದ್ದು ಮೊಳಕೆಯಲ್ಲೇ ಬಾಡುತ್ತದೆ. ಮೊಳೆತ ಮೊದಲ ಎರಡು ವಾರ ತೇವ ಆರದಂತೆ ನೋಡಿಕೊಳ್ಳಿ. ಬೇರು ಇಳಿದ ಮೇಲೆ ಆಗೊಮ್ಮೆ ಈಗೊಮ್ಮೆ ಕೊಟ್ಟರೆ ಸಾಕು.

ತಿಂಗಳು ಕಳೆದ ಮೇಲೆ ಒಂದು ಅಲಸಂದೆ ಗಿಡವನ್ನು ಸಲಿಕೆಯಿಂದ ಮಣ್ಣುಸಹಿತ ಎಬ್ಬಿಸಿ, ಬೇರನ್ನು ನೀರಿನಲ್ಲಿ ಮೆಲ್ಲನೆ ಅಲುಗಿಸಿ ತೊಳೆದು ನೋಡಿ. ಕೈಯಿಂದ ಜಗ್ಗಬೇಡಿ, ನೋಡಬೇಕಾದದ್ದೇ ಮಣ್ಣಿನಲ್ಲಿ ಕಳಚಿಕೊಂಡು ಉಳಿದುಬಿಡುತ್ತದೆ. ಬೇರಿನ ಪಕ್ಕದಲ್ಲಿ ಅಂಟಿಕೊಂಡ ಪುಟ್ಟ ಗುಂಡು ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುತ್ತಿದೆ ಎಂದು ತಿಳಿಯಿರಿ. ಬಿಳಿ ಅಥವಾ ಹಸಿರು ಬಣ್ಣವಿದ್ದರೆ ಕೆಲಸ ಶುರುವಾಗಿಲ್ಲ, ಇಲ್ಲವೇ ನಿಂತಿದೆ. ಗಂಟುಗಳೇ ಇಲ್ಲವಾದರೆ ಮುಂದಿನ ಸಲ ಬೀಜಕ್ಕೆ ಆ ಬೆಳೆಗೆ ಹೊಂದುವ ರೈಜೋಬಿಯಂ (ಈ ಗಂಟು ಕಟ್ಟುವ ಬ್ಯಾಕ್ಟೀರಿಯಾ) ಲೇಪಿಸಿ ಬಿತ್ತಿ. ಸುಲಭವಾಗಿ ಬಿಡಿಸಿಕೊಳ್ಳದೆ, ಬೇರಿನ ಭಾಗವೇ ಊದಿಕೊಂಡಂತೆ ಇರುವ ಗಂಟು ಇದಲ್ಲ, ಅದು ಜಂತುಹುಳುವಿನದು.

ಇನ್ನು ಕೊಯ್ಯುವ ಹೊತ್ತು. ಇಡೀ ವಿಷಯದಲ್ಲಿ ನಾನು ಪಟ್ಟುಹಿಡಿದು ಹೇಳುವ ಮಾತು ಇದೊಂದೇ: ಮೊದಲ ಹೂಗಳು ಕಂಡ ಕೂಡಲೇ ಕತ್ತರಿಸಿ. ಹೂವಿನ ಚೆಂದಕ್ಕೆ, ಇನ್ನಷ್ಟು ಸೊಪ್ಪಿನ ಆಸೆಗೆ ಕಾಯುತ್ತಾ ಕೂರಬೇಡಿ. ಕಾಯಿ ಕಟ್ಟಲು ತೊಡಗಿದರೆ ಗಿಡದ ಸಾರವೆಲ್ಲ ಬೀಜಕ್ಕೆ ಹೋಗುತ್ತದೆ, ಸೆಣಬಿನ ಕಾಂಡ ನಾರಾಗಿ ಬೇಗ ಕೊಳೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಣ ಪ್ರದೇಶದಲ್ಲಿ ಹೊದಿಕೆ ಬೆಳೆಯೂ ನೀರು ಕುಡಿಯುತ್ತದೆ. ಹೆಚ್ಚು ದಿನ ನಿಲ್ಲಿಸಿದರೆ ಮುಂದಿನ ಬೆಳೆಗೆ ಬೇಕಾದ ತೇವವನ್ನೂ ಅದೇ ಹೀರಿಬಿಡುತ್ತದೆ. ನೀರು ತೀರಾ ಕಷ್ಟವಾದ ವರ್ಷ ಹೂವಿಗೂ ಕಾಯದೆ ಮೊದಲೇ ಕತ್ತರಿಸಿ. ಬಿತ್ತನೆಗೂ ನೀರಿಲ್ಲದಿದ್ದರೆ ಒಣ ಎಲೆ, ಹುಲ್ಲು ಹೊದಿಸಿಟ್ಟರೂ ಮಣ್ಣಿಗೆ ನೆರಳಾಗುತ್ತದೆ.

ಗಿಡವನ್ನು ಕೀಳಬಾರದು. ನೆಲಮಟ್ಟದಲ್ಲಿ ಕುಡುಗೋಲಿನಿಂದ ಕೊಯ್ದು, ಗೇಣುದ್ದ ತುಂಡರಿಸಿ ಅಲ್ಲೇ ಹರಡಿ. ಬೇರು ಕೊಳೆತ ಜಾಗ ನೀರು ಇಳಿಯುವ ದಾರಿಯಾಗುತ್ತದೆ. ಸೊಪ್ಪನ್ನು ಮಣ್ಣಿಗೆ ಅಗೆದು ಸೇರಿಸುವ ಪದ್ಧತಿಯೂ ಇದೆ, ಗೊಬ್ಬರ ಬೇಗ ಸಿಗುತ್ತದೆ. ಆದರೆ ಬಿಸಿ ಹವೆಯಲ್ಲಿ ಸಾವಯವ ಅಂಶ ಹೇಗೂ ಬೇಗ ಕರಗುತ್ತದೆ, ಅಗೆದರೆ ಇನ್ನೂ ಬೇಗ. ಹಾಗಾಗಿ ಮೇಲೆಯೇ ಬಿಡುವುದು ನನಗೆ ಮೆಚ್ಚು. ಎರಡು ಮೂರು ವಾರ ಕಳೆದ ಮೇಲೆ ಹೊದಿಕೆಯನ್ನು ಅಲ್ಲಲ್ಲಿ ಸರಿಸಿ ಸಸಿ ನೆಡಿ. ಸಜ್ಜೆ ಹೆಚ್ಚಿದ್ದ ಪಾತಿಯಾದರೆ ಇನ್ನೊಂದಿಷ್ಟು ದಿನ ತಾಳಿ, ನೆಡುವ ಗುಣಿಗೆ ಒಂದು ಹಿಡಿ ಕಾಂಪೋಸ್ಟ್ ಹಾಕಿ. ಕಡ್ಡಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಸ್ವಲ್ಪ ಕಾಲ ತಾನೇ ಹಿಡಿದುಕೊಳ್ಳುತ್ತದೆ.