ಹಿಮಾಲಯದ ಕಾಡಿನಲ್ಲಿ ಅಣಬೆ ನೋಡುವ ಬಗೆ

ಧಾರವಾಡದಿಂದ ಹಿಮಾಲಯಕ್ಕೆ ಚಾರಣ ಹೊರಡುವವರು ಸಾಮಾನ್ಯವಾಗಿ ಮಳೆಗಾಲವನ್ನು ಬಿಟ್ಟು ದಿನ ಗೊತ್ತುಮಾಡುತ್ತಾರೆ. ಅಣಬೆ ನೋಡುವ ಆಸೆಯಿದ್ದವರಿಗೆ ಮಾತ್ರ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ದಿನಗಳೇ ಬೇಕು. ಭೂಕುಸಿತದಿಂದ ರಸ್ತೆ ಮುಚ್ಚುವ ಕಾಲವೂ ಅದೇ ಆದ್ದರಿಂದ ಎರಡು ದಿನ ಕೈಯಲ್ಲಿಟ್ಟುಕೊಂಡು ಹೊರಡುವುದು ಒಳಿತು. ಜೇನುಹುಟ್ಟಿನಂತೆ ಗುಳಿಗುಳಿಯಾದ ತಲೆಯ ಗುಚ್ಛಿ ಎಂಬ ಅಣಬೆಯನ್ನು ನೋಡಬೇಕಾದರೆ ಹಿಮ ಕರಗುವ ವಸಂತದಲ್ಲೇ ಹೋಗಬೇಕು.

ಅಣಬೆ ಕಂಡ ಕೂಡಲೇ ತಲೆಯೆತ್ತಿ ಸುತ್ತಲಿನ ಮರ ಯಾವುದೆಂದು ನೋಡಿ ಬರೆದುಕೊಳ್ಳಿರಿ. ನಮ್ಮ ಹೊಲದ ಬದುವಿನ ಹುತ್ತದ ಮೇಲೆ ಏಳುವ ಅಣಬೆಗೆ ಗೆದ್ದಲಿನ ನಂಟಿರುವಂತೆ, ಅಲ್ಲಿನ ಅನೇಕ ಅಣಬೆಗಳಿಗೆ ದೇವದಾರು, ಫರ್, ಬಾಂಜ್ ಓಕ್ ಮರಗಳ ಬೇರಿನ ನಂಟಿದೆ. ಮಣ್ಣಿನೊಳಗಿನ ಅವುಗಳ ಎಳೆಗಳು ಮರಕ್ಕೆ ನೀರನ್ನೂ ಲವಣಗಳನ್ನೂ ಒದಗಿಸಿ, ಮರದಿಂದ ಸಕ್ಕರೆಯನ್ನು ಪಡೆಯುತ್ತವೆ.

ಕೊಡೆಯ ಮೇಲ್ಭಾಗದ ಚಿತ್ರವೊಂದನ್ನೇ ತೆಗೆದರೆ ಗುರುತು ಹಿಡಿಯಲು ಸಾಲದು. ಕೊಡೆಯಡಿ ಪದರುಗಳಿವೆಯೋ ಸಣ್ಣ ರಂಧ್ರಗಳಿವೆಯೋ, ಕಾಲಿಗೆ ಉಂಗುರವಿದೆಯೋ ಎಂಬುದನ್ನು ನೋಡಿ, ಬುಡದ ತರಗೆಲೆಗಳನ್ನು ಬೆರಳಿನಿಂದ ಮೆಲ್ಲಗೆ ಸರಿಸಬೇಕು. ಬಿಳಿ ಪದರು, ಉಂಗುರ, ಬುಡದಲ್ಲಿ ಬಟ್ಟಲಿನಂಥ ಚೀಲ ಇವು ಒಟ್ಟಿಗೆ ಕಂಡರೆ ಅದು ಅಮಾನಿಟಾ ಕುಲದ್ದಿರಬಹುದು. ಈ ಕುಲದ ಕೆಲವು ಅಣಬೆಗಳ ವಿಷ ಕುದಿಸಿದರೂ ಹೋಗುವುದಿಲ್ಲ; ತಿಂದು ಆರು ತಾಸಿಗಿಂತ ಹೆಚ್ಚು ಹೊತ್ತು ಏನೂ ಆಗದೆ, ಆಮೇಲೆ ವಾಂತಿ-ಭೇದಿ ಶುರುವಾಗಿ ಯಕೃತ್ತು ಕೆಡುತ್ತದೆ. ಹುಳು ತಿಂದ ಅಣಬೆಯನ್ನು ಮನುಷ್ಯರೂ ತಿನ್ನಬಹುದೆಂಬ ಮಾತನ್ನು ನಂಬಲೇಬಾರದು. ನೋಡಲು ಹೋದವರು ನೋಡಿಯೇ ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಗುರುತು ಹಿಡಿಯಲು ಬೀಜಕಗಳ, ಅಂದರೆ ಕೊಡೆಯಡಿಯಿಂದ ಉದುರುವ ನುಣ್ಣನೆಯ ಪುಡಿಯ, ಬಣ್ಣವೂ ನೆರವಾಗುತ್ತದೆ; ಅದನ್ನು ತಿಳಿಯುವುದನ್ನು ಊರಲ್ಲೇ ರೂಢಿಮಾಡಿಕೊಳ್ಳಬಹುದು. ಮಳೆ ಬಿಟ್ಟ ಮೇಲೆ ಹಿತ್ತಲಲ್ಲಿ ಎದ್ದ ಒಂದು ನಾಯಿಕೊಡೆಯ ತಲೆಯನ್ನು ಕತ್ತರಿಸಿ, ಪದರು ಕೆಳಗಾಗುವಂತೆ ಕಾಗದದ ಮೇಲಿಟ್ಟು, ಬಟ್ಟಲು ಬೋರಲು ಹಾಕಿ ರಾತ್ರಿಯಿಡೀ ಬಿಡಬೇಕು. ನಾನು ಮೊದಲ ಸಲ ಇಟ್ಟಾಗ ಬೆಳಿಗ್ಗೆ ಕಾಗದ ಖಾಲಿ ಕಂಡಿತು. ಬಿಸಾಡಲು ಎತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ, ಚಕ್ರದ ಅರಗಳಂತೆ ಬಿಳಿಯ ಪುಡಿ ಬಿಳಿಯ ಕಾಗದದ ಮೇಲೆಯೇ ಬಿದ್ದಿತ್ತು. ನೋಡನೋಡುತ್ತಲೇ ಫ್ಯಾನಿನ ಗಾಳಿಗೆ ಅದೂ ಹಾರಿಹೋಯಿತು. ಅಂದಿನಿಂದ ಅರ್ಧ ಕಪ್ಪು, ಅರ್ಧ ಬಿಳಿ ಕಾಗದವನ್ನು ಅಂಟಿಸಿ, ಅವೆರಡೂ ಕೂಡುವ ಗೆರೆಯ ಮೇಲೆ ಕೊಡೆಯನ್ನಿಡುತ್ತೇನೆ. ಬಟ್ಟಲು ಎತ್ತುವ ಮುನ್ನ ಫ್ಯಾನು ಆರಿಸುತ್ತೇನೆ.