ಎಕ್ಕವನ್ನು ಚಿಗುರಲ್ಲೇ ಇಟ್ಟುಕೊಂಡರೆ ಚಿಟ್ಟೆ ಬರುತ್ತದೆ

ಪ್ಲೇನ್ ಟೈಗರ್ ಚಿಟ್ಟೆಗೆಂದು ಗಿಡ ಕೇಳಿದರೆ ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕೆಂಪು-ಹಳದಿ ಹೂವಿನ ಮಿಲ್ಕ್‌ವೀಡ್. ಅದು ಅಮೆರಿಕದ ಉಷ್ಣವಲಯದಿಂದ ಬಂದ ಗಿಡ. ಅದರ ಮೇಲೂ ಈ ಚಿಟ್ಟೆಯ ಹುಳು ಬೆಳೆಯುತ್ತದೆ, ನಿಜ. ಆದರೆ ಅದೇ ಬಳಗದ ನಮ್ಮ ಎಕ್ಕ ರಸ್ತೆಬದಿಯಲ್ಲೇ ಇದೆ. ರಥಸಪ್ತಮಿಯ ದಿನ ತಲೆ, ಭುಜದ ಮೇಲಿಟ್ಟು ಸ್ನಾನ ಮಾಡುವ ಎಲೆ ಅದರದ್ದೇ. ಎಲೆ ದೊಡ್ಡದು, ದಪ್ಪ. ಹುಳುವಿಗೆ ಹೊಟ್ಟೆತುಂಬ ಸಿಗುತ್ತದೆ. ಅಂಗಳದಲ್ಲಿ ನಾನು ಬೆಳೆಸುವುದು ಎಕ್ಕವನ್ನೇ.

ಬೇಸಿಗೆಯಲ್ಲಿ ಬಲಿತ ಕಾಯಿಗೆ ಬಿರಿಯುವ ಮೊದಲೇ ದಾರ ಸುತ್ತಬೇಕು, ಇಲ್ಲವಾದರೆ ಬೀಜ ಅರಳೆಯ ಸಮೇತ ಹಾರಿಹೋಗುತ್ತದೆ. ಅರ್ಧ ಮಣ್ಣು, ಅರ್ಧ ಮರಳು ತುಂಬಿದ ಕವರ್‌ಗೆ ಎರಡು ಬೀಜ; ಮೇಲೆ ಅರ್ಧ ಸೆಂಟಿಮೀಟರ್ ಮಣ್ಣು ಸಾಕು. ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ನಾಲ್ಕೆಲೆ ಮೂಡಿದಾಗಲೇ ನೆಲಕ್ಕೆ ಹಾಕಿಬಿಡಬೇಕು. ರಸ್ತೆಬದಿಯ ದೊಡ್ಡ ಗಿಡವನ್ನು ಕಿತ್ತು ತಂದರೆ ಬಹುಪಾಲು ಬಾಡುತ್ತದೆ. ಅವಸರವಿದ್ದರೆ ಹೆಬ್ಬೆರಳು ದಪ್ಪದ, ಗೇಣುದ್ದದ ಕಡ್ಡಿ ಕತ್ತರಿಸಿ, ಹಾಲು ಒಣಗುವಂತೆ ಎರಡು ದಿನ ನೆರಳಲ್ಲಿಟ್ಟು ನೆಡಬಹುದು. ಜಾಗ ಪೂರ್ತಿ ಬಿಸಿಲಿನದ್ದಾಗಿರಲಿ. ಕುಂಡವಾದರೆ 16 ಇಂಚಿನದು, ತಳದಲ್ಲಿ ತೂತು ಸರಿಯಾಗಿರಬೇಕು. ಎಕ್ಕ ಸಾಯುವುದು ನೀರಿಲ್ಲದೆ ಅಲ್ಲ, ನೀರು ನಿಂತು ಬೇರು ಕೊಳೆತು.

ಹೆಚ್ಚಿನವರು ತಪ್ಪುವುದು ಇಲ್ಲಿಂದ ಮುಂದೆ. ಗಿಡವನ್ನು ಬೆಳೆಯಲು ಬಿಟ್ಟರೆ ಅದು ಆಳೆತ್ತರ ಹೋಗಿ ಎಲೆ ಚರ್ಮದಂತೆ ಬಲಿಯುತ್ತದೆ. ಆಗತಾನೆ ಹುಟ್ಟಿದ ಮರಿಹುಳು ಅದನ್ನು ಕೊರೆಯಲಾರದು. ಹಾಗಾಗಿ ಮೂರು ಗಿಡ ಇಟ್ಟುಕೊಂಡು, ಮುಂಗಾರು ಹಿಡಿದ ಮೇಲೆ ಸರದಿಯಂತೆ ಒಂದೊಂದನ್ನೇ ಮೊಣಕಾಲೆತ್ತರಕ್ಕೆ ಕತ್ತರಿಸುತ್ತೇನೆ. ಒಂದು ಚಿಗುರುವಾಗ ಇನ್ನೊಂದರಲ್ಲಿ ಎಲೆ ಇರುತ್ತದೆ. ಕತ್ತರಿಸುವ ಮುನ್ನ ಚಿಟ್ಟೆಯ ಮೊಟ್ಟೆ, ಹುಳು ಇವೆಯೇ ಎಂದು ಎಲೆಯ ಅಡಿ ನೋಡಲೇಬೇಕು.

ಹಾಲಿನ ವಿಷಯದಲ್ಲಿ ಉದಾಸೀನ ಬೇಡ. ಕಣ್ಣಿಗೆ ಸಿಡಿದರೆ ಮೊದಲು ನೋವೇ ಗೊತ್ತಾಗದೆ, ಕೆಲವು ಗಂಟೆಗಳ ನಂತರ ದೃಷ್ಟಿ ಮಂಜಾಗಬಹುದು. ಕನ್ನಡಕ, ಕೈಗವಸು ಹಾಕಿಕೊಂಡೇ ಕತ್ತರಿಸಿ. ಸಿಡಿದರೆ 15 ನಿಮಿಷ ಧಾರೆ ನೀರಲ್ಲಿ ತೊಳೆದು ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ.

ಮೊಟ್ಟೆ ಗುಂಡುಸೂಜಿಯ ತಲೆಯಷ್ಟು, ಮುತ್ತಿನಂತೆ ಬಿಳಿ. ಒಂಟೊಂಟಿಯಾಗಿ ಎಲೆಯ ಅಡಿಯಲ್ಲಿ ಅಂಟಿರುತ್ತದೆ. ಒಡೆಯುವ ಮುನ್ನ ತುದಿ ಕಪ್ಪಾಗುತ್ತದೆ. ದೊಡ್ಡ ಹುಳುವಿನ ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆ, ಮೂರು ಜೊತೆ ಕರಿ ಎಳೆಗಳು. ಅದು ತಿನ್ನುವ ಕ್ರಮ ನೋಡಬೇಕು: ಮೊದಲು ಎಲೆಯ ನಡುನರವನ್ನು ಕಚ್ಚಿ ಗಾಯ ಮಾಡುತ್ತದೆ, ಹಾಲು ಅಲ್ಲೇ ಸೋರಿಹೋಗುತ್ತದೆ, ಎಲೆ ಜೋಲುತ್ತದೆ. ಆಮೇಲೆ ಗಾಯದಿಂದಾಚೆಯ ಭಾಗವನ್ನು ನೆಮ್ಮದಿಯಾಗಿ ತಿನ್ನುತ್ತದೆ. ಜೋತ ಎಲೆಯನ್ನು ರೋಗವೆಂದುಕೊಂಡು ಕಿತ್ತೆಸೆಯಬೇಡಿ.

ಚಿಗುರಿಗೆ ಮುತ್ತುವ ಹಳದಿ ಸಸ್ಯಹೇನಿಗೆ ಬೇವಿನೆಣ್ಣೆಯನ್ನೂ ಹೊಡೆಯಬಾರದು. ಮರಿಹುಳುವೂ ಅದರೊಂದಿಗೆ ಹೋಗುತ್ತದೆ. ಮೊಟ್ಟೆಯಿಲ್ಲದ ಕುಡಿಯಲ್ಲಿ ಕೈಗವಸಿನ ಬೆರಳಿಂದ ಉಜ್ಜಿಬಿಡಿ, ಉಳಿದದ್ದನ್ನು ಗುಲಗಂಜಿ ಹುಳುಗಳು ನೋಡಿಕೊಳ್ಳುತ್ತವೆ. ಹಳದಿ-ನೀಲಿ ಬಣ್ಣದ ಎಕ್ಕದ ಮಿಡತೆ ಮಾತ್ರ ಎಲೆಯನ್ನೆಲ್ಲ ಮುಗಿಸಬಲ್ಲದು; ಮರಿಯಿದ್ದಾಗಲೇ ಹಿಡಿದು ದೂರ ಬಿಡುತ್ತೇನೆ. ಹುಳು ಚಿಟ್ಟೆಯಾಗಲು ಕಟ್ಟಿದ ಕೋಶದಿಂದ ಬಿಳಿ ದಾರ ಇಳಿಬಿದ್ದಿದ್ದರೆ ಪರಾವಲಂಬಿ ನೊಣದ ಮರಿ ಹೊರಬಿದ್ದಿದೆ ಎಂದರ್ಥ, ಆ ಕೋಶದಿಂದ ಚಿಟ್ಟೆ ಬರುವುದಿಲ್ಲ.

ಚಿಟ್ಟೆ ಹೀರುವ ಮಕರಂದಕ್ಕೆ ತುಂಬೆ ಇರಲಿ. ಚೇಳುಕೊಂಡಿ ಗಿಡವಿದ್ದರೆ ಬಿಡಿ, ಒಣಗಿದರೂ ಕೀಳಬೇಡಿ. ಗಂಡು ಚಿಟ್ಟೆಗಳು ಅದರಿಂದ ಹೀರುವ ಆಲ್ಕಲಾಯ್ಡ್ ಎಂಬ ಸಸ್ಯವಸ್ತು ಹೆಣ್ಣನ್ನು ಒಲಿಸುವ ವಾಸನೆಗೆ ಬೇಕು.

ಹುಳು ಕೋಶ ಕಟ್ಟಲು ಗಿಡ ಬಿಟ್ಟು ಗೋಡೆಗೂ ಕುಂಡದ ಅಂಚಿಗೂ ಹರಿದುಹೋಗುತ್ತದೆ, ಆ ದಿನಗಳಲ್ಲಿ ಅಲ್ಲೆಲ್ಲ ಪೊರಕೆ ಆಡಿಸಬೇಡಿ. ಹಸಿರು ಕೋಶ ಕಪ್ಪಾಗಿ ಒಳಗಿನ ಕೇಸರಿ ರೆಕ್ಕೆ ಕಂಡರೆ ಚಿಟ್ಟೆ ಮಾರನೆಯ ದಿನದೊಳಗೆ ಬರುತ್ತದೆ. ರೆಕ್ಕೆ ಒಣಗುವ ತನಕ ಆ ಮೂಲೆಗೆ ನೀರು ಹಾಯಿಸುವುದಿಲ್ಲ.